ಆಸ್ಟರಾಯ್ಡ್ಸ್‌ನ ಗುಂಡು ಲ್ಯಾಪ್‌ಟಾಪಿನಲ್ಲಿ ಯಾಕೆ ಮಂಕಾಗಿ ಕಾಣುತ್ತದೆ?

ಪ್ರಶ್ನೆ: ನಾನು ಪುಣೆಯ ಕೋಥ್ರೂಡ್‌ನಲ್ಲಿದ್ದೇನೆ, ಸಾಫ್ಟ್‌ವೇರ್ ಕೆಲಸ. ಲ್ಯಾಪ್‌ಟಾಪಿನಲ್ಲಿ ಮೇಮ್ ಎಮ್ಯುಲೇಟರ್ (ಹಳೇ ಆರ್ಕೇಡ್ ಯಂತ್ರಗಳನ್ನು ನಕಲು ಮಾಡುವ ತಂತ್ರಾಂಶ) ಹಾಕಿಕೊಂಡು ಆಸ್ಟರಾಯ್ಡ್ಸ್, ಬ್ಯಾಟಲ್‌ಝೋನ್, ಟೆಂಪೆಸ್ಟ್ ಆಡುತ್ತೇನೆ. ಗೆರೆಗಳು ತೆಳ್ಳಗೆ, ಜೀವ ಇಲ್ಲದ ಹಾಗೆ ಕಾಣುತ್ತವೆ, ಓರೆ ಗೆರೆಗಳಲ್ಲಿ ಮೆಟ್ಟಿಲು ಬೇರೆ. ಅಸಲಿ ಯಂತ್ರ ನೋಡಿದ್ದ ನನ್ನ ಸೋದರಮಾವ "ಇದು ಅದಲ್ಲವೇ ಅಲ್ಲ, ಅದರಲ್ಲಿ ಗುಂಡು ಕಣ್ಣು ಕುಕ್ಕುತ್ತಿತ್ತು" ಅಂತಾರೆ. 15,000 ರೂಪಾಯಿ ಒಳಗೆ ಏನಾದರೂ ಮಾಡಬಹುದಾ? ಮನೆಯಲ್ಲಿ ಹಳೇ ಕಲರ್ ಟಿವಿ ಒಂದು ಸುಮ್ನೆ ಬಿದ್ದಿದೆ, ಅದನ್ನೇ ವೆಕ್ಟರ್ ಮಾನಿಟರ್ ಮಾಡಿಕೊಳ್ಳಬಹುದಾ?

ಉತ್ತರ: ನಿಮ್ಮ ಸೋದರಮಾವ ಹೇಳಿದ್ದು ಸರಿ. ಅವರು ಗುಂಡಿನ ಮಾತು ಎತ್ತಿದ್ದು ನನಗೆ ಬಹಳ ಖುಷಿಯಾಯಿತು. ಹೆಚ್ಚಿನವರು ಮೆಟ್ಟಿಲಿನ ಬಗ್ಗೆಯೇ ಕೇಳುತ್ತಾರೆ, ಅದು ಹೋದರೆ ಎಲ್ಲ ಸರಿಹೋಯಿತು ಅಂದುಕೊಳ್ಳುತ್ತಾರೆ. ಮೆಟ್ಟಿಲು ಸಣ್ಣ ವಿಷಯ, ಒಳ್ಳೇ ರೆಸಲ್ಯೂಷನ್ನಿನ ಪರದೆ ಇದ್ದರೆ ತಾನಾಗಿ ಮಾಯವಾಗುತ್ತದೆ. ವೆಕ್ಟರ್ ಆಟದ ಜೀವ ಇರುವುದು ಹೊಳಪಿನಲ್ಲಿ. ಪರದೆಯ ಯಾವ ಜಾಗದಲ್ಲಿ ಕಿರಣ ಎಷ್ಟು ಹೊತ್ತು ನಿಂತಿತು ಅನ್ನುವುದರಲ್ಲಿ. ನೀವು ಏನೇ ಕೊಳ್ಳಿ, ಏನೇ ಸೆಟ್ಟಿಂಗ್ ಬದಲಿಸಿ, ಇದೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ದುಡ್ಡು ದಂಡವಾಗುವುದಿಲ್ಲ.

ಸಾಮಾನ್ಯ ಟಿವಿಯಲ್ಲಿ ಎಲೆಕ್ಟ್ರಾನ್ ಕಿರಣ ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಇಡೀ ಪರದೆಯ ಮೇಲೆ ಓಡಾಡುತ್ತದೆ, ಅಲ್ಲಿ ಚಿತ್ರ ಇರಲಿ ಇಲ್ಲದಿರಲಿ. ವೆಕ್ಟರ್ ಮಾನಿಟರಿನಲ್ಲಿ ಸಾಲು ಅನ್ನುವುದೇ ಇಲ್ಲ, ಪಿಕ್ಸೆಲ್ಲೂ ಇಲ್ಲ. ಇಲ್ಲಿಂದ ಅಲ್ಲಿಗೆ ಹೋಗು ಅಂದರೆ ಕಿರಣ ನೇರವಾಗಿ ಹೋಗುತ್ತದೆ, ಹೋದ ದಾರಿಯುದ್ದಕ್ಕೂ ಗಾಜಿನ ಒಳಗೆ ಬಳಿದಿರುವ ಫಾಸ್ಫರ್ ಲೇಪ ಹೊಳೆಯುತ್ತದೆ. ದೀಪಾವಳಿಯಲ್ಲಿ ಮಕ್ಕಳು ಸುರ್‌ಸುರ್‌ಬತ್ತಿ ಹಿಡಿದು ಕತ್ತಲಲ್ಲಿ ತಮ್ಮ ಹೆಸರು ಬರೆಯುತ್ತಾರಲ್ಲ, ಅದೇ. ಕೈ ಬೇಗ ಓಡಿದ ಕಡೆ ಗೆರೆ ತೆಳು, ತಡೆದು ನಿಂತ ಕಡೆ ಬೆಳಕು ಜಾಸ್ತಿ.

ಅಟಾರಿಯವರ ಆಸ್ಟರಾಯ್ಡ್ಸ್ ಬಂದದ್ದು 1979ರಲ್ಲಿ. ಒಳಗಿದ್ದದ್ದು 1.5 ಮೆಗಾಹರ್ಟ್ಸ್‌ನ 6502 ಪ್ರೊಸೆಸರ್. ಅದು ತಾನೇ ಗೆರೆ ಎಳೆಯುತ್ತಾ ಕೂತರೆ ಆಟ ನಡೆಸುವವರು ಯಾರು? ಹಾಗಾಗಿ ಪಕ್ಕದಲ್ಲಿ ಡಿಜಿಟಲ್ ವೆಕ್ಟರ್ ಜನರೇಟರ್ ಅಂತ ಬೇರೆಯೇ ಸರ್ಕ್ಯೂಟ್ ಇಟ್ಟರು. ಪ್ರೊಸೆಸರಿನ ಕೆಲಸ ಒಂದು ಪಟ್ಟಿ ಬರೆದಿಡುವುದು ಅಷ್ಟೇ: ಇಲ್ಲಿಗೆ ಹೋಗು, ದೊಡ್ಡ ಬಂಡೆ ಬರೆ, ಅಲ್ಲಿಗೆ ಹೋಗು, ಹಡಗು ಬರೆ, ನಿಲ್ಲು. ಬಂಡೆಗಳ, ಅಕ್ಷರಗಳ ಆಕಾರ ರೋಮ್‌ನಲ್ಲಿ, ಅಂದರೆ ಆಟ ತುಂಬಿಟ್ಟ ಮೆಮೊರಿ ಚಿಪ್ಪಿನಲ್ಲಿ, ಮೊದಲೇ ಕೂತಿರುತ್ತದೆ, ಬೇಕಾದಾಗ ಸಬ್‌ರೂಟೀನ್ ಕರೆದ ಹಾಗೆ ಕರೆದರಾಯಿತು. ಜನರೇಟರ್ ಆ ಪಟ್ಟಿ ಓದಿಕೊಂಡು ಮಾನಿಟರಿಗೆ ಮೂರು ವೋಲ್ಟೇಜ್ ಕೊಡುತ್ತದೆ. ಅಡ್ಡಕ್ಕೆ ಎಕ್ಸ್, ಉದ್ದಕ್ಕೆ ವೈ, ಹೊಳಪಿಗೆ ಝಡ್. ಹೊಳಪಿಗೆ 16 ಮಟ್ಟ.

ಈಗ ಗುಂಡಿನ ವಿಷಯ. ಆಸ್ಟರಾಯ್ಡ್ಸ್‌ನಲ್ಲಿ ಗುಂಡು ಅಂದರೆ ಉದ್ದವೇ ಇಲ್ಲದ ಗೆರೆ. ಈ ಜನರೇಟರಿನಲ್ಲಿ ಒಂದು ಗೆರೆಗೆ ಎಷ್ಟು ಹೊತ್ತು ಹಿಡಿಯಬೇಕು ಅನ್ನುವುದನ್ನು ಅದರ ಸ್ಕೇಲ್ ತೀರ್ಮಾನಿಸುತ್ತದೆ, ಉದ್ದ ತೀರ್ಮಾನಿಸುವುದಿಲ್ಲ. ಉದ್ದ ಸೊನ್ನೆ ಇದ್ದರೂ ಆ ಗೆರೆಯ ಪಾಲಿನ ಹೊತ್ತು ಮುಗಿಯುವವರೆಗೆ ಕಿರಣ ಅದೇ ಚುಕ್ಕೆಯ ಮೇಲೆ, ಪೂರ್ತಿ ಹೊಳಪಿನಲ್ಲಿ, ಕದಲದೆ ನಿಂತಿರುತ್ತದೆ. ಇಡೀ ಗೆರೆಗೆ ಹಂಚಿಹೋಗಬೇಕಾದ ಶಕ್ತಿ ಒಂದೇ ಚುಕ್ಕೆಗೆ ಬೀಳುತ್ತದೆ. ನಿಮ್ಮ ಮಾವನ ಕಣ್ಣು ಕುಕ್ಕಿದ್ದು ಅದು.

ಮೇಮ್ ಈ ಜನರೇಟರನ್ನು ಬಹಳ ನಿಷ್ಠೆಯಿಂದ ನಕಲು ಮಾಡುತ್ತದೆ, ಪಟ್ಟಿಯಲ್ಲಿ ಏನೂ ತಪ್ಪಿಲ್ಲ. ತೊಂದರೆ ಆಗುವುದು ಕೊನೆಯ ಹೆಜ್ಜೆಯಲ್ಲಿ. ನೀವು ಏನೂ ಮುಟ್ಟದಿದ್ದರೆ ಎಲ್ಲ ಗೆರೆಯೂ ಒಂದೇ ದಪ್ಪ, ಗುಂಡು ಅಂದರೆ ಅದೇ ದಪ್ಪದ ಒಂದು ಚುಕ್ಕೆ. ನಿಮ್ಮ ಪರದೆ ಕೊಡಬಲ್ಲ ಅತಿ ಹೆಚ್ಚಿನ ಬಿಳಿ ಯಾವುದೋ, ಹಡಗೂ ಅದರ ಹತ್ತಿರ, ಗುಂಡೂ ಅದರ ಹತ್ತಿರ. ಕಿರಣ ನಿಂತ ಹೊತ್ತಿನ ಲೆಕ್ಕ ಅಲ್ಲಿಗೆ ಕಳೆದುಹೋಯಿತು.

ಹಾಗಾಗಿ ಒಂದು ಪೈಸೆ ಖರ್ಚಿಲ್ಲದೆ ಇವತ್ತೇ ಇದನ್ನು ಮಾಡಿ. ಆಟ ನಡೆಯುತ್ತಿರುವಾಗ ಟ್ಯಾಬ್ ಒತ್ತಿ, ಸ್ಲೈಡರ್ ಕಂಟ್ರೋಲ್ಸ್‌ಗೆ ಹೋಗಿ. ವೆಕ್ಟರ್ ಆಟ ಆಗಿದ್ದರೆ ಅಲ್ಲಿ ಬೀಮ್ ವಿಡ್ತ್ ಮಿನಿಮಮ್, ಬೀಮ್ ವಿಡ್ತ್ ಮ್ಯಾಕ್ಸಿಮಮ್, ಬೀಮ್ ಡಾಟ್ ಸೈಜ್, ಬೀಮ್ ಇಂಟೆನ್ಸಿಟಿ ವೆಯ್ಟ್, ಫ್ಲಿಕರ್ ಅಂತ ಸಿಗುತ್ತವೆ. ಮೊದಲು ಡಾಟ್ ಸೈಜ್ ಏರಿಸಿ, 2ರಿಂದ 3ರ ನಡುವೆ ಎಲ್ಲೋ ಗುಂಡು ಗುಂಡಿನ ಹಾಗೆ ಕಾಣತೊಡಗುತ್ತದೆ. ಆಮೇಲೆ ಮ್ಯಾಕ್ಸಿಮಮ್ ಅಗಲವನ್ನು 2ರ ಆಸುಪಾಸಿಗೆ ತನ್ನಿ, ಮಿನಿಮಮ್ ಅನ್ನು 1ಕ್ಕಿಂತ ಸ್ವಲ್ಪ ಕೆಳಗೆ ಇಡಿ. ಆಗ ಹೊಳೆಯುವ ಗೆರೆ ದಪ್ಪ, ಮಂಕು ಗೆರೆ ತೆಳು, ಅಸಲಿ ಟ್ಯೂಬಿನಲ್ಲಿ ಆಗುತ್ತಿದ್ದ ಹಾಗೇ. ಇಂಟೆನ್ಸಿಟಿ ವೆಯ್ಟ್ ಅನ್ನು ಸೊನ್ನೆಯಿಂದ ಆಚೀಚೆ ಸರಿಸಿ ಕಣ್ಣಿಗೆ ಒಪ್ಪುವ ಕಡೆ ನಿಲ್ಲಿಸಿ. ಫ್ಲಿಕರ್ ತೀರಾ ಸ್ವಲ್ಪ ಸಾಕು, ಜಾಸ್ತಿ ಮಾಡಿದರೆ ಹದಿನೈದೇ ನಿಮಿಷಕ್ಕೆ ತಲೆನೋವು ಬರುತ್ತದೆ.

ಇದಾದ ಮೇಲೆ ಹೊಳಪಿನ ಸುತ್ತಲ ಪ್ರಭೆ. ವಿಡಿಯೋ ಆಯ್ಕೆಯಲ್ಲಿ ಬಿಜಿಎಫ್‌ಎಕ್ಸ್ ಹಾಕಿ, ಅದರ ಚೈನ್‌ಗಳಲ್ಲಿ ಎಚ್‌ಎಲ್‌ಎಸ್‌ಎಲ್ ಆರಿಸಿದರೆ ಬ್ಲೂಮ್ (ಗೆರೆಯ ಸುತ್ತ ಹರಡುವ ಬೆಳಕು), ಫಾಸ್ಫರ್ (ಗೆರೆ ಆರಲು ಹಿಡಿಯುವ ಹೊತ್ತು) ಎರಡೂ ನಿಮ್ಮ ಕೈಗೆ ಬರುತ್ತವೆ. ಇಲ್ಲಿ ನನ್ನದೊಂದು ಗಟ್ಟಿ ಅಭಿಪ್ರಾಯ ಇದೆ. ಜನ ಫಾಸ್ಫರನ್ನು ಎಳೆದು ಎಳೆದು ಪ್ರತಿ ಬಂಡೆಯ ಹಿಂದೆಯೂ ಉದ್ದನೆಯ ಬಾಲ ಬಿಡಿಸುತ್ತಾರೆ, ವಿಡಿಯೋ ಮಾಡಿ ಹಾಕಿದರೆ ಚೆನ್ನಾಗಿಯೂ ಕಾಣುತ್ತದೆ, ಆದರೆ ಅಸಲಿ ಯಂತ್ರ ಹಾಗಿರಲಿಲ್ಲ. ಕಪ್ಪು ಬಿಳುಪು ಟ್ಯೂಬಿನ ಫಾಸ್ಫರ್ ಬೇಗ ಆರುತ್ತದೆ. ಕತ್ತಲ ಕೋಣೆಯಲ್ಲಿ ಗುಂಡಿನ ಹಿಂದೆ ಮಾತ್ರ ಒಂದು ಎಳೆ ಕಂಡೂ ಕಾಣದ ಹಾಗೆ ಉಳಿಯುತ್ತದೆ, ಯಾಕೆಂದರೆ ಅಲ್ಲಿ ಬಿದ್ದ ಶಕ್ತಿ ಅಷ್ಟು ಜಾಸ್ತಿ. ಬಂಡೆಗೆ ಬಾಲ ಬಂತು ಅಂದರೆ ನೀವು ದಾಟಿ ಹೋಗಿದ್ದೀರಿ, ಹಿಂದೆ ಬನ್ನಿ.

ಬ್ಯಾಟಲ್‌ಝೋನ್ ಬಗ್ಗೆ ಒಂದು ಮಾತು. 1980ರ ಆ ಆಟ ಬಣ್ಣದ್ದಲ್ಲ. ಕಪ್ಪು ಬಿಳುಪು ಮಾನಿಟರಿನ ಮುಂದೆ ಬಣ್ಣದ ಪಾರದರ್ಶಕ ಹಾಳೆ ಇಡುತ್ತಿದ್ದರು, ಮೇಲೆ ಒಂದು ಪಟ್ಟಿ ಕೆಂಪು, ಉಳಿದದ್ದು ಹಸಿರು. ಮೇಮ್‌ನಲ್ಲಿ ಆ ಹಾಳೆಯ ನಕಲು, ಅಂದರೆ ಓವರ್‌ಲೇ, ಆನ್ ಇದೆಯಾ ನೋಡಿಕೊಳ್ಳಿ. ಟೆಂಪೆಸ್ಟ್ ಬೇರೆ ಜಾತಿ, 1981ರದ್ದು, ನಿಜವಾದ ಕಲರ್ ವೆಕ್ಟರ್ ಟ್ಯೂಬ್. ಕಲರ್ ಟ್ಯೂಬಿನಲ್ಲಿ ಮಾಸ್ಕ್ (ಸಣ್ಣ ತೂತುಗಳ ಲೋಹದ ಹಾಳೆ) ಇರುವುದರಿಂದ ಅದರ ಗೆರೆ ಆಸ್ಟರಾಯ್ಡ್ಸ್‌ನಷ್ಟು ನಯವಾಗಿ ಎಂದೂ ಇರಲಿಲ್ಲ. ಅದಕ್ಕೆ ಬ್ಲೂಮ್ ಸ್ವಲ್ಪ ಧಾರಾಳವಾಗಿ ಕೊಟ್ಟರೂ ತಪ್ಪಿಲ್ಲ.

ಪರದೆ: ಸಾಧಾರಣ ಎಲ್‌ಸಿಡಿಯಲ್ಲಿ ಕಪ್ಪು ಅಂದರೆ ಗಾಢ ಬೂದು, ವೆಕ್ಟರ್ ಆಟಕ್ಕೆ ಇದೇ ದೊಡ್ಡ ಪೆಟ್ಟು. ಓಎಲ್‌ಇಡಿ ಆದರೆ ಕಪ್ಪು ನಿಜವಾಗಿ ಕಪ್ಪು, ಆದರೆ ಅದು ನಿಮ್ಮ ಬಜೆಟ್ಟಿನ ಆಚೆಗಿನ ಮಾತು, ಮನೆಯಲ್ಲಿ ಈಗಾಗಲೇ ಇದ್ದರೆ ಆ ಟಿವಿಗೇ ಲ್ಯಾಪ್‌ಟಾಪ್ ಜೋಡಿಸಿ. ಇಲ್ಲದಿದ್ದರೆ ಗುಜರಿಯಲ್ಲಿ ಹಳೇ ವಿಜಿಎ ಸಿಆರ್‌ಟಿ (ಗಾಜಿನ ಟ್ಯೂಬಿನ) ಮಾನಿಟರ್ ಹುಡುಕಿ. 1280 ಬೈ 1024ರಲ್ಲಿ ಓಡಿಸಿದರೆ ಮೆಟ್ಟಿಲು ಬಹುಪಾಲು ಕರಗುತ್ತದೆ, ಪ್ರಭೆಯನ್ನು ಗಾಜೇ ಕೊಡುತ್ತದೆ, ಬ್ಲೂಮ್‌ನಂಥ ಸೆಟ್ಟಿಂಗ್‌ಗಳ ಕೆಲಸ ಅರ್ಧ ಕಮ್ಮಿ.

ಆದರೂ ಇದೆಲ್ಲ ಸಾಲು ಸಾಲು ಚಿತ್ರವೇ. ನಿಮ್ಮ ಮಾವನನ್ನು ಒಪ್ಪಿಸಬೇಕು ಅಂದರೆ, ನನ್ನ ಸಲಹೆ ಒಂದೇ: ಹಳೇ ಅನಲಾಗ್ ಆಸಿಲೋಸ್ಕೋಪ್, ಅಂದರೆ ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಉಪಕರಣ, ಕೊಳ್ಳಿ. ಅದಕ್ಕೆ ಎಕ್ಸ್-ವೈ ಅಂತ ಒಂದು ಮೋಡ್ ಇರುತ್ತದೆ. ಒಂದು ಚಾನೆಲ್ ಕಿರಣವನ್ನು ಅಡ್ಡ ಎಳೆಯುತ್ತದೆ, ಇನ್ನೊಂದು ಉದ್ದ ಎಳೆಯುತ್ತದೆ. ಅಷ್ಟೇ ಅಲ್ವಾ ವೆಕ್ಟರ್ ಮಾನಿಟರ್ ಅಂದರೆ? ಇನ್ನೂ ಒಂದು ಲಾಭ ಇದೆ. ಆರ್ಕೇಡ್ ಮಾನಿಟರಿನಲ್ಲಿ ಕಿರಣ ತಿರುಗಿಸುವುದು ಟ್ಯೂಬಿನ ಕತ್ತಿನ ಸುತ್ತ ಇರುವ ತಾಮ್ರದ ಸುರುಳಿ, ಅದಕ್ಕೆ ತಟ್ಟನೆ ದಿಕ್ಕು ಬದಲಿಸಲು ಆಗುವುದಿಲ್ಲ, ಹಾಗಾಗಿ ಅಲ್ಲಿ ಬಲವಾದ ಆಂಪ್ಲಿಫೈಯರ್ ಬೇಕು, ಅದು ಕಾಯುತ್ತದೆ, ಸುಟ್ಟುಹೋಗುತ್ತದೆ. ಸ್ಕೋಪಿನ ಟ್ಯೂಬಿನಲ್ಲಿ ಸುರುಳಿ ಇಲ್ಲ, ಬರೀ ಪ್ಲೇಟುಗಳು. ಮೂಲೆಗಳು ಚೂಪಾಗಿ ಬರುತ್ತವೆ. ಪರದೆ ಮಾತ್ರ ಚಿಕ್ಕದು, ಸಾಮಾನ್ಯವಾಗಿ 8 ಸೆಂಟಿಮೀಟರ್ ಬೈ 10, ಮತ್ತು ಬಣ್ಣ ಹಸಿರು.

ಇಂಜಿನಿಯರಿಂಗ್ ಕಾಲೇಜುಗಳು, ಕಾರ್ಖಾನೆಗಳು ಡಿಜಿಟಲ್ ಸ್ಕೋಪಿಗೆ ಹೋದ ಮೇಲೆ ಹಳೇ ಅನಲಾಗ್ ಸ್ಕೋಪುಗಳು ಗುಜರಿಗೆ ಬರುತ್ತವೆ. ಪುಣೆಯಲ್ಲಿ ಜುನಾ ಬಾಜಾರಿನಲ್ಲಿ ಒಂದು ಸುತ್ತು ಹಾಕಿ, ಬುಧವಾರ ಪೇಠೆಯ ತಾಪ್‌ಕೀರ್ ಗಲ್ಲಿಯ ಅಂಗಡಿಯವರಲ್ಲಿ ಹೇಳಿಟ್ಟು ಬನ್ನಿ. ಅಲ್ಲಿ ಸಿಗದಿದ್ದರೆ ಬೆಳಗಿನ ರೈಲು ಹಿಡಿದು ನಮ್ಮ ಮುಂಬೈಗೆ ಬನ್ನಿ, ದಾದರಿನಲ್ಲಿ ಇಳಿದು ಲೋಕಲ್‌ನಲ್ಲಿ ಗ್ರಾಂಟ್ ರೋಡಿಗೆ ಹೋದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡು ನಡೆಯುವಷ್ಟು ದೂರ. ಎರಡು ಚಾನೆಲ್, 20 ಮೆಗಾಹರ್ಟ್ಸ್ ಸಾಕು. ಹಿಂಬದಿಯಲ್ಲಿ ಝಡ್ ಇನ್‌ಪುಟ್ ಅಂತ ಒಂದು ಬಿಎನ್‌ಸಿ ಸಾಕೆಟ್ ಇರುವ ಮಾಡೆಲ್ ಸಿಕ್ಕಿದರೆ ನೂರಿನ್ನೂರು ಜಾಸ್ತಿ ಕೊಟ್ಟಾದರೂ ಅದನ್ನೇ ತನ್ನಿ. ಡಿಜಿಟಲ್ ಸ್ಕೋಪ್ ಅಗ್ಗಕ್ಕೆ ಕೊಡುತ್ತೇನೆ ಅಂದರೂ ಬೇಡ ಅನ್ನಿ. ಅದರಲ್ಲೂ ಎಕ್ಸ್-ವೈ ಇರುತ್ತದೆ, ಆದರೆ ಅದು ಮತ್ತೆ ಎಲ್‌ಸಿಡಿಯ ಮೇಲೆ ಚುಕ್ಕೆ ಇಡುವ ಕೆಲಸ.

ಅಂಗಡಿಯಲ್ಲೇ ಪರೀಕ್ಷೆ ಮಾಡುವುದು ಸುಲಭ. ಹೆಡ್‌ಫೋನ್ ಜ್ಯಾಕ್ ಇರುವ ಒಂದು ಫೋನು, ಜೊತೆಗೆ ಜ್ಯಾಕಿನಿಂದ ಎರಡು ಬಿಎನ್‌ಸಿಗೆ ಹೋಗುವ ವೈರ್ ಒಯ್ಯಿರಿ. ಎಡ ಚಾನೆಲ್ ಎಕ್ಸ್‌ಗೆ, ಬಲ ಚಾನೆಲ್ ವೈಗೆ ಕೊಟ್ಟು ನಿಮ್ಮದೇ ದನಿಯ ಯಾವುದಾದರೂ ಮೋನೋ ರೆಕಾರ್ಡಿಂಗ್ ಹಾಕಿ. ಎರಡೂ ಕಡೆ ಒಂದೇ ಸಿಗ್ನಲ್ ಹೋಗುವುದರಿಂದ ಪರದೆಯ ಮೇಲೆ ಒಂದು ಓರೆ ಗೆರೆ ಬರಬೇಕು, ನೇರವಾಗಿ, ತೆಳ್ಳಗೆ. ಗೆರೆ ಬದಲು ಉಬ್ಬಿದ ಮೊಟ್ಟೆಯಾಕಾರ ಬಂದರೆ ಎರಡು ಚಾನೆಲ್ ಒಟ್ಟಿಗೆ ನಡೆಯುತ್ತಿಲ್ಲ ಅಂತ ಅರ್ಥ, ಬಿಟ್ಟುಬಿಡಿ. ಆಮೇಲೆ ಸ್ಟೀರಿಯೋ ಹಾಡು ಹಾಕಿದರೆ ಗೆರೆ ಬಿಚ್ಚಿಕೊಂಡು ಕುಣಿಯುತ್ತದೆ. ಫೋಕಸ್ ತಿರುಗಿಸಿ ಗೆರೆ ಎಷ್ಟು ಸಣ್ಣಗಾಗುತ್ತದೆ ನೋಡಿ. ಸಿಗ್ನಲ್ ತೆಗೆದಾಗ ಮಾತ್ರ ಹೊಳಪನ್ನು ತಕ್ಷಣ ಇಳಿಸಿಬಿಡಿ, ನಿಂತ ಚುಕ್ಕೆ ಫಾಸ್ಫರನ್ನು ಸುಡುತ್ತದೆ. ಪರದೆಯ ನಡುವೆ ಈಗಾಗಲೇ ಕಂದು ಕಲೆ ಇದ್ದರೆ ಹಿಂದಿನವರು ಅದನ್ನೇ ಮಾಡಿದ್ದಾರೆ.

ಮುಂದಿನ ಪ್ರಶ್ನೆ, ಲ್ಯಾಪ್‌ಟಾಪಿನಿಂದ ಸ್ಕೋಪಿಗೆ ಹೇಗೆ? ಸೌಂಡ್ ಕಾರ್ಡಿನಿಂದಲೇ ಆಗುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಶುರು ಮಾಡಲು ಪರವಾಗಿಲ್ಲ, ಒಂದು ಚೌಕ, ಒಂದು ನಕ್ಷತ್ರ ಬರೆದು ನೋಡಬಹುದು. ಆದರೆ ಸೌಂಡ್ ಕಾರ್ಡಿನ ಔಟ್‌ಪುಟ್ಟಿನಲ್ಲಿ ಕೆಪಾಸಿಟರ್ ಕೂತಿರುತ್ತದೆ, ಬದಲಾಗದೆ ನಿಂತ ವೋಲ್ಟೇಜನ್ನು ಅದು ದಾಟಲು ಬಿಡುವುದಿಲ್ಲ. ಎಲ್ಲ ಬಂಡೆಗಳೂ ಬಲಗಡೆ ಸೇರಿದರೆ ಇಡೀ ಚಿತ್ರ ಮೆಲ್ಲಗೆ ನಡುವಿಗೆ ಜಾರಿಕೊಳ್ಳುತ್ತದೆ. ಜೊತೆಗೆ ಅದರ ಫಿಲ್ಟರ್ ಪ್ರತಿ ಮೂಲೆಯಲ್ಲೂ ಅಲೆ ಎಬ್ಬಿಸುತ್ತದೆ. ಆಟಕ್ಕೆ ಇದು ಸಾಲದು.

ಬದಲಿಗೆ ಎಂಸಿಪಿ 4922 ಅನ್ನುವ ಚಿಪ್ಪು ತನ್ನಿ. ಒಂದೇ ಚಿಪ್ಪಿನಲ್ಲಿ ಎರಡು 12 ಬಿಟ್ ಡ್ಯಾಕ್ (ಅಂಕಿಯನ್ನು ವೋಲ್ಟೇಜಾಗಿ ಬದಲಿಸುವ ಸರ್ಕ್ಯೂಟ್), ಒಂದು ಎಕ್ಸ್‌ಗೆ ಒಂದು ವೈಗೆ, 0ಯಿಂದ 4095ರವರೆಗೆ ಯಾವ ಜಾಗ ಬೇಕಾದರೂ ಹೇಳಬಹುದು. ಅದನ್ನು ಓಡಿಸಲು ಒಂದು ರಾಸ್ಪ್‌ಬೆರಿ ಪೈ ಪಿಕೋ ಅಥವಾ ಟೀನ್ಸಿ, ಎರಡೂ ಚಿಕ್ಕ ಮೈಕ್ರೋಕಂಟ್ರೋಲರ್ ಬೋರ್ಡುಗಳು. ಲ್ಯಾಪ್‌ಟಾಪಿನಿಂದ ಯುಎಸ್‌ಬಿ ಮೂಲಕ ಒಂದು ಬಿಂದುವಿಗೆ 4 ಬೈಟ್ ಕಳಿಸಿದರೆ ಸಾಕು: ಎಕ್ಸ್‌ಗೆ 12 ಬಿಟ್, ವೈಗೆ 12, ಉಳಿದ 8ರಲ್ಲಿ ಹೊಳಪು. ಈ ಚಿಪ್ಪಿನಲ್ಲಿ ಎಲ್‌ಡ್ಯಾಕ್ ಅಂತ ಒಂದು ಪಿನ್ ಇದೆ, ಎಷ್ಟೋ ಜನ ಅದನ್ನು ಗ್ರೌಂಡಿಗೆ ಹಾಕಿ ಸುಮ್ಮನಾಗುತ್ತಾರೆ. ಹಾಗೆ ಮಾಡಬೇಡಿ. ಎಕ್ಸ್ ಬರೆದ ತಕ್ಷಣ ಕಿರಣ ಅಡ್ಡ ಹೋಗುತ್ತದೆ, ಆಮೇಲೆ ವೈ ಬರೆದಾಗ ಮೇಲೆ ಹೋಗುತ್ತದೆ, ನೀವು ಬಿಟ್ಟು ಓಡಿಬಂದ ಅದೇ ಮೆಟ್ಟಿಲು ಸ್ಕೋಪಿನ ಮೇಲೂ ಬಂದು ಕೂರುತ್ತದೆ. ಎರಡನ್ನೂ ಬರೆದು ಮುಗಿಸಿ, ಆಮೇಲೆ ಎಲ್‌ಡ್ಯಾಕ್ ಪಿನ್ನನ್ನು ಒಮ್ಮೆ ಕೆಳಗೆ ಎಳೆದರೆ ಎಕ್ಸ್, ವೈ ಎರಡೂ ಒಟ್ಟಿಗೆ ಬದಲಾಗುತ್ತವೆ. ಆಗ ಓರೆ ಗೆರೆ ಓರೆಯಾಗಿಯೇ ಬರುತ್ತದೆ.

ಲೆಕ್ಕ ಹೀಗಿದೆ. ಈ ಡ್ಯಾಕ್ ಹೊಸ ವೋಲ್ಟೇಜಿನಲ್ಲಿ ನೆಲೆಯಾಗಲು ಸುಮಾರು 4.5 ಮೈಕ್ರೋಸೆಕೆಂಡ್ ತೆಗೆದುಕೊಳ್ಳುತ್ತದೆ. ಅಂದರೆ ಸೆಕೆಂಡಿಗೆ 2 ಲಕ್ಷ ಬಿಂದು ಚಿಲ್ಲರೆ, ಸೆಕೆಂಡಿಗೆ 60 ಸಲ ಚಿತ್ರ ಬರೆದರೆ ಒಂದೊಂದು ಚಿತ್ರಕ್ಕೆ ಮೂರು ಸಾವಿರದ ಮೇಲೆ. ಇದೇ ನಿಮ್ಮ ಬಂಡವಾಳ, ಇದನ್ನು ಹೇಗೆ ಖರ್ಚು ಮಾಡುತ್ತೀರಿ ಅನ್ನುವುದರಲ್ಲೇ ಮಜಾ ಇರುವುದು. ಗೆರೆಯ ಎರಡು ತುದಿ ಮಾತ್ರ ಕಳಿಸಿದರೆ ಕಿರಣ ಹಾರಿಬಿಡುತ್ತದೆ, ತುದಿಯಲ್ಲಿ ಚುಕ್ಕೆ, ನಡುವೆ ಬರೀ ಮಂಜು. ನಡುವಿನ ಬಿಂದುಗಳನ್ನು ನೀವೇ ತುಂಬಬೇಕು. ಒತ್ತೊತ್ತಾಗಿ ತುಂಬಿದರೆ ಗೆರೆ ಹೊಳೆಯುತ್ತದೆ, ದೂರ ದೂರ ಇಟ್ಟರೆ ಮಂಕು. ಗುಂಡು ಬೇಕಾ? ಅದೇ ಬಿಂದುವನ್ನು 20 ಸಲ ಮತ್ತೆ ಮತ್ತೆ ಕಳಿಸಿ. 1979ರಲ್ಲಿ ಆ ಜನರೇಟರ್ ಮಾಡುತ್ತಿದ್ದದ್ದೂ ಇದನ್ನೇ, ಕಿರಣವನ್ನು ಅಲ್ಲೇ ನಿಲ್ಲಿಸುವುದು. ದೀಪ ಆರಿಸಿ ಆ ಗುಂಡನ್ನು ನಿಮ್ಮ ಮಾವನಿಗೆ ತೋರಿಸಿ, ಹಸಿರಾದರೂ ಗುರುತು ಹಿಡಿಯುತ್ತಾರೆ. ಬಂಡೆಗಳು ಜಾಸ್ತಿಯಾಗಿ ಬಿಂದುಗಳು ಸಾಲದೆ ಹೋದರೆ ಚಿತ್ರ ಸ್ವಲ್ಪ ಮಿಣುಕುತ್ತದೆ. ಅದಕ್ಕೆ ಬೇಜಾರು ಬೇಡ, ಹಳೇ ವೆಕ್ಟರ್ ಯಂತ್ರಗಳಲ್ಲೂ ಪಟ್ಟಿ ಉದ್ದವಾದರೆ ಹೀಗೇ ಆಗುತ್ತಿತ್ತು.

ಒಂದು ಗೆರೆ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಕಿರಣ ಆರಬೇಕು, ಅದಕ್ಕೇ ಝಡ್ ಇನ್‌ಪುಟ್. ಅದಿಲ್ಲದ ಸ್ಕೋಪಿನಲ್ಲಿ ಒಂದೇ ನೆಗೆತಕ್ಕೆ ಹಾರಿಸಿ, ತೀರಾ ಮಸುಕಾದ ಎಳೆ ಕಾಣುತ್ತದೆ, ಆಡಲು ಅಡ್ಡಿಯಿಲ್ಲ.

ಮಾಮೂಲಿ ಮೇಮ್ ಈ ಪಟ್ಟಿಯನ್ನು ಹೊರಗೆ ಕಳಿಸುವುದಿಲ್ಲ, ಅದಕ್ಕೆ ಬದಲಾಯಿಸಿದ ಆವೃತ್ತಿ ಬೇಕು. ವಿ.ಎಸ್‌ಟಿ ಅನ್ನುವ ಯೋಜನೆಯ ಸರ್ಕ್ಯೂಟ್, ಕೋಡ್ ಎರಡೂ ಎಲ್ಲರಿಗೂ ತೆರೆದಿವೆ, ಟೀನ್ಸಿ ಮತ್ತು ನಾನು ಹೇಳಿದ ಇದೇ ಡ್ಯಾಕ್ ಬಳಸಿ ಮಾಡಿದ್ದು. ನೀವು ಸಾಫ್ಟ್‌ವೇರಿನವರು, ಅದನ್ನು ಓದಿದರೆ ಒಂದು ಸಂಜೆಯಲ್ಲಿ ಅರ್ಥವಾಗುತ್ತದೆ. ಆಟದ ರೋಮ್‌ಗಳಿಗೆ ಕಾಪಿರೈಟ್ ಇದೆ ಅನ್ನುವುದು ನಿಮಗೆ ಗೊತ್ತಿರಬಹುದು. ಆ ತಲೆಬಿಸಿ ಬೇಡ ಅಂದರೆ ವೆಕ್ಟ್ರೆಕ್ಸ್‌ನ ಎಮ್ಯುಲೇಟರಿನಿಂದ ಶುರು ಮಾಡಿ. 1982ರಲ್ಲಿ ಬಂದ, 9 ಇಂಚಿನ ವೆಕ್ಟರ್ ಪರದೆಯೇ ಜೊತೆಗಿದ್ದ ಮನೆಬಳಕೆಯ ಯಂತ್ರ ಅದು. ಅದರ ರೋಮ್‌ಗಳನ್ನು ವ್ಯಾಪಾರಕ್ಕಲ್ಲದೆ ಹಂಚಿಕೊಳ್ಳಲು ಹಕ್ಕುದಾರರೇ ಒಪ್ಪಿಗೆ ಕೊಟ್ಟಿದ್ದರು. ಒಳಗೇ ಇದ್ದ ಮೈನ್ ಸ್ಟಾರ್ಮ್ ಆಟ ಆಸ್ಟರಾಯ್ಡ್ಸ್‌ಗೆ ಬಹಳ ಹತ್ತಿರದ್ದು. ಯಾರಾದರೂ ಅಮೆರಿಕದಿಂದ ಅಸಲಿ ವೆಕ್ಟ್ರೆಕ್ಸ್ ತಂದುಕೊಡುತ್ತೇನೆ ಅಂದರೆ ಅದು 120 ವೋಲ್ಟಿನದು ಅನ್ನುವುದು ನೆನಪಿರಲಿ, ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ ಪ್ಲಗ್ಗಿಗೆ ಹಾಕಬೇಡಿ.

ಇನ್ನು ಮನೆಯ ಕಲರ್ ಟಿವಿ. ಅದನ್ನು ಮುಟ್ಟಬೇಡಿ, ಇದನ್ನು ಕಟ್ಟುನಿಟ್ಟಾಗಿ ಹೇಳುತ್ತಿದ್ದೇನೆ. ಟಿವಿಯ ಅಡ್ಡ ಸುರುಳಿ ಒಂದೇ ವೇಗದಲ್ಲಿ ಆಚೀಚೆ ಓಡಲು ಮಾಡಿದ್ದು, ಹೇಳಿದ ಕಡೆ ಹೋಗಿ ನಿಲ್ಲಲು ಮಾಡಿದ್ದಲ್ಲ. ಅದನ್ನು ಬಿಚ್ಚಿ ನಿಮ್ಮ ಸಿಗ್ನಲ್ ಕೊಡುತ್ತೇನೆ ಅಂದರೆ ಇನ್ನೊಂದು ತೊಡಕು ಎದುರಾಗುತ್ತದೆ: ಪಿಕ್ಚರ್ ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್ ಅದೇ ಅಡ್ಡ ಸರ್ಕ್ಯೂಟಿನ ಜೊತೆ ಕಟ್ಟಿಕೊಂಡಿರುತ್ತದೆ, ಒಂದನ್ನು ಬಿಚ್ಚಿದರೆ ಇನ್ನೊಂದು ದಾರಿ ತಪ್ಪುತ್ತದೆ. ಮಾಡಿದವರು ಇದ್ದಾರೆ, ಸುರುಳಿಯನ್ನೇ ಹೊಸದಾಗಿ ಸುತ್ತಿಕೊಂಡು, ಬೇರೆ ಆಂಪ್ಲಿಫೈಯರ್ ಕಟ್ಟಿಕೊಂಡು. ಅವರು ವರ್ಷಗಟ್ಟಲೆ ಟ್ಯೂಬಿನ ಜೊತೆ ಕೆಲಸ ಮಾಡಿದವರು. ಕಲರ್ ಟ್ಯೂಬಿನ ಆನೋಡಿನಲ್ಲಿ, ಅಂದರೆ ಆ ಹೈ ವೋಲ್ಟೇಜ್ ಟ್ಯೂಬಿಗೆ ಸೇರುವ ಜಾಗದಲ್ಲಿ, 20,000 ವೋಲ್ಟಿಗಿಂತ ಜಾಸ್ತಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಗಾಜು ಆ ಚಾರ್ಜ್ ಹಿಡಿದಿಟ್ಟುಕೊಂಡಿರುತ್ತದೆ. ಮಳೆಗಾಲದಲ್ಲಿ ಇನ್ನೂ ಕೆಟ್ಟದ್ದು, ತೇವ, ಧೂಳು ಸೇರಿ ಆನೋಡ್ ಕ್ಯಾಪಿನ ಸುತ್ತ ಚಿಟಿಚಿಟಿ ಸದ್ದು ಬರುತ್ತದೆ, ಕೆಲವೊಮ್ಮೆ ಕಿಡಿ ಹಾರುತ್ತದೆ. ರಿಪೇರಿ ಬೆಂಚಿನ ಮುಂದೆ ಕೂತು ಅಭ್ಯಾಸ ಇರುವ ನನಗೂ ಆ ಸದ್ದು ಕೇಳಿದರೆ ಕೈ ಹಿಂದೆ ಬರುತ್ತದೆ.

ಸ್ಕೋಪಿನ ಒಳಗೂ ಸಾವಿರಗಟ್ಟಲೆ ವೋಲ್ಟ್ ಇರುತ್ತದೆ, ಆದರೆ ನೀವು ಮುಚ್ಚಳ ತೆಗೆಯುವ ಕೆಲಸವೇ ಇಲ್ಲ, ಎಲ್ಲವೂ ಹೊರಗಿನ ಸಾಕೆಟ್ಟುಗಳಲ್ಲೇ ಮುಗಿಯುತ್ತದೆ. ಸ್ಕೋಪ್ ಸಿಕ್ಕಿದ ಮೇಲೆ ಅದರ ಮಾಡೆಲ್ ನಂಬರ್ ಬರೆದು ಕಳಿಸಿ. ಕೆಲವು ಸ್ಕೋಪುಗಳಲ್ಲಿ ಝಡ್‌ಗೆ ಪಾಸಿಟಿವ್ ವೋಲ್ಟೇಜ್ ಕೊಟ್ಟರೆ ಕಿರಣ ಆರುತ್ತದೆ, ಕೆಲವದರಲ್ಲಿ ಹೊಳಪು ಏರುತ್ತದೆ. ನಿಮ್ಮದು ಯಾವ ತರಹದ್ದು, ಎಷ್ಟು ವೋಲ್ಟ್ ಬೇಕು ಅಂತ ನೋಡಿ ಹೇಳುತ್ತೇನೆ, ಅಲ್ಲಿಯವರೆಗೆ ಆ ಸಾಕೆಟ್ಟಿಗೆ ಏನೂ ಜೋಡಿಸಬೇಡಿ.